2007ರಲ್ಲಿ ಹೊರಟ ಎರಡು ಲೆಕ್ಕಗಳು

ಹುಣಸಮಾರನಹಳ್ಳಿಯಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಸಾದಹಳ್ಳಿಯ ಟೋಲ್ ಗೇಟು ಎದುರಾಗುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಅಲ್ಲಿನ ದರ ಪರಿಷ್ಕರಣೆಯಾಗುವುದು ಈ ಭಾಗದವರಿಗೆ ಯುಗಾದಿಯಷ್ಟೇ ಖಚಿತ. ರಾಷ್ಟ್ರೀಯ ಹೆದ್ದಾರಿ ಶುಲ್ಕ ಕುರಿತ 2008ರ ನಿಯಮಗಳು 2007–08ನೇ ಸಾಲನ್ನು ಆಧಾರವಾಗಿಟ್ಟುಕೊಂಡು ವರ್ಷಕ್ಕೆ ಶೇ 3ರಷ್ಟು ಹೆಚ್ಚಳವನ್ನೂ, ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40ರಷ್ಟನ್ನೂ ದರಕ್ಕೆ ಸೇರಿಸುತ್ತವೆ. ಇದಕ್ಕೆ ಯಾರೂ ಅರ್ಜಿ ಹಾಕಬೇಕಿಲ್ಲ, ಧರಣಿ ಕೂರಬೇಕಿಲ್ಲ.

ಅದೇ 2007ರಲ್ಲಿ ಇನ್ನೊಂದು ರಸ್ತೆಯ ಲೆಕ್ಕವೂ ಹೊರಟಿತು. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆಗಳನ್ನು ದಾಟಿ ಹೊಸೂರು ರಸ್ತೆ ಸೇರಬೇಕಾದ ಸುಮಾರು 73 ಕಿ.ಮೀ. ಉದ್ದದ ಪೆರಿಫೆರಲ್ ವರ್ತುಲ ರಸ್ತೆಗೆ ಬಿಡಿಎ 2005ರಲ್ಲಿ ಪ್ರಾಥಮಿಕ, 2007ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿತು. ನಗರದ ಇನ್ನೊಂದು ಮಗ್ಗುಲಲ್ಲಿ 1997ರ ಒಪ್ಪಂದದಂತೆ ಖಾಸಗಿ ಕಂಪನಿ ಕಟ್ಟಿದ 41 ಕಿ.ಮೀ. ನೈಸ್ ರಸ್ತೆ ಇದೆ; ಹೆದ್ದಾರಿಯಲ್ಲಿ ವಿನಾಯಿತಿ ಪಡೆದ ದ್ವಿಚಕ್ರ ವಾಹನಕ್ಕೂ ಅಲ್ಲಿ ಶುಲ್ಕವುಂಟು. ಇವೆರಡೂ ಕೂಡಿದರೆ ವರ್ತುಲ ಪೂರ್ಣ. ಹೊಸ ಅರ್ಧವನ್ನೂ ಟೋಲ್ ರಸ್ತೆಯಾಗಿಯೇ ಯೋಜಿಸಲಾಗಿದೆ.

ಆ ಅರ್ಧ ಎರಡು ದಶಕ ನಕ್ಷೆಯ ಗೆರೆಯಾಗಿಯೇ ಉಳಿಯಿತು. ಗೆರೆಯಡಿಯ ಜಮೀನಿನ ಪಹಣಿಯಲ್ಲಿ ಹೆಸರು ರೈತನದೇ. ಆದರೆ ನೋಟಿಫೈ ಆದ ಭೂಮಿಯನ್ನು ಕೊಳ್ಳುವವರಿಲ್ಲ, ಅದರ ಮೇಲೆ ಸಾಲ ಹುಟ್ಟುವುದಿಲ್ಲ, ಮನೆ ಕಟ್ಟಲು ನಕ್ಷೆಗೆ ಮಂಜೂರಾತಿ ಇಲ್ಲ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಅರ್ಧ ಎಕರೆ ಮಾರುವ ದಾರಿಯೇ ಮುಚ್ಚಿದೆ.

ಪರಿಹಾರ ನಿಗದಿಯಾಗಬೇಕಾದದ್ದು 1894ರ ಭೂಸ್ವಾಧೀನ ಕಾಯ್ದೆಯ ಕ್ರಮದಲ್ಲಿ. ಅಂದರೆ ಪ್ರಾಥಮಿಕ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯೇ ಬುನಾದಿ. ಅದರ ಮೇಲೆ ಶೇ 30ರ ಸೊಲೇಷಿಯಂ, ವರ್ಷಕ್ಕೆ ಶೇ 12ರ ಹೆಚ್ಚುವರಿ ಮೊತ್ತ ಉಂಟೆಂಬುದನ್ನು ಮರೆಯಬಾರದು. ಆದರೂ ಬುನಾದಿ 2005ರದು. ದೇವನಹಳ್ಳಿಯ ವಿಮಾನ ನಿಲ್ದಾಣ ಬಾಗಿಲು ತೆರೆದದ್ದು 2008ರ ಮೇ ತಿಂಗಳಲ್ಲಿ. ಬಳ್ಳಾರಿ ರಸ್ತೆಯ ಆಸುಪಾಸಿನ ನೆಲಕ್ಕೆ ಆ ಮೇಲೆ ಬಂದ ಬೆಲೆ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಹೆಚ್ಚು ಉದಾರವಾದ 2013ರ ಕಾಯ್ದೆಯನ್ನು ಅನ್ವಯಿಸಬೇಕೆಂಬ ರೈತರ ಆಸೆ, ಬಿಡಿಎ ಸ್ವಾಧೀನಕ್ಕೆ ಅದು ಅನ್ವಯಿಸದೆಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಾಗ ಕಮರಿತು. ತೀರ್ಪು ಕಾನೂನುಬದ್ಧ. ನ್ಯಾಯವೆನ್ನಲು ನನಗೆ ನಾಲಗೆ ಏಳುವುದಿಲ್ಲ.

2025ರಲ್ಲಿ ಸರ್ಕಾರ ಯೋಜನೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೆಸರಿಟ್ಟು, 100 ಮೀಟರ್ ಅಗಲವನ್ನು 65ಕ್ಕೆ ಇಳಿಸಿ, ಹಣದ ಜತೆಗೆ ಟಿಡಿಆರ್, ಹೆಚ್ಚುವರಿ ಎಫ್‌ಎಆರ್, ಅಭಿವೃದ್ಧಿಪಡಿಸಿದ ಜಾಗ ಮುಂತಾದ ಆಯ್ಕೆಗಳನ್ನು ಮುಂದಿಟ್ಟಿತು. ಬಿಲ್ಡರಿಗೆ ಟಿಡಿಆರ್ ಅರ್ಥವಾಗುತ್ತದೆ. ಎರಡೆಕರೆಯ ದ್ರಾಕ್ಷಿ ತೋಟದವನಿಗೆ ಅದು ದಲ್ಲಾಳಿಯ ಮನೆ ಬಾಗಿಲು ತೋರಿಸುವ ಕಾಗದ.

ಬೇರೆ ದಾರಿ ಇಲ್ಲವೆಂದಲ್ಲ. ಹರಿಯಾಣ 2007ರಲ್ಲೇ ಭೂಮಿ ಕಳೆದುಕೊಂಡವರಿಗೆ ಪರಿಹಾರದ ಜತೆಗೆ ಎಕರೆಗೆ ವರ್ಷಕ್ಕೆ 15,000 ರೂಪಾಯಿಯನ್ನು 33 ವರ್ಷ ಕೊಡುವ, ಅದನ್ನು ವರ್ಷಕ್ಕೆ 500 ರೂಪಾಯಿ ಏರಿಸುವ ನೀತಿ ತಂದಿತ್ತು. ಮೊತ್ತ ಸಣ್ಣದು, ಕ್ರಮ ದೊಡ್ಡದು. ಇಲ್ಲಿ ಟೋಲ್ ಆದಾಯದ ಒಂದು ಪಾಲನ್ನು ಭೂಮಿ ಕೊಟ್ಟ ಕುಟುಂಬಗಳಿಗೆ ಮೀಸಲಿಟ್ಟು, ದರ ಏರಿದಾಗ ಅದೂ ಏರುವಂತೆ ಮಾಡಲು ಅಡ್ಡಿಯೇನು? ಈ ಷರತ್ತು ಗುತ್ತಿಗೆಯ ಕರಾರಿನಲ್ಲೇ ಇರಬೇಕು. ಸಹಿ ಬಿದ್ದ ಒಪ್ಪಂದದಿಂದ ಸರ್ಕಾರ ಸುಲಭವಾಗಿ ಸರಿಯಲಾಗದೆಂಬುದು ನೈಸ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ.