ಏಳು ಗಡಿಯಾರ, ಒಂದೇ ಗೋಡೆ

ಗೃಹಪ್ರವೇಶ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲೆ ಮನೇಲಿ ಉಳಿಯೋದು ಎರಡೇ: ಇಎಂಐ ಮತ್ತು ಗೋಡೆ ಗಡಿಯಾರಗಳು. ನಮಗೆ ಬಂದಿದ್ದು ಏಳು. ಜತೆಗೆ ಮೂರು ಡಿನ್ನರ್ ಸೆಟ್, ನಾಲ್ಕು ಗಣಪತಿ. ಇರೋದು ಎರಡು ಬೆಡ್‌ರೂಮಿನ ಫ್ಲ್ಯಾಟು. ಬಿಸಾಡೋಕೆ ಮನಸ್ಸು ಬರಲ್ಲ, ಇಟ್ಟುಕೊಳ್ಳೋಕೆ ಜಾಗ ಇಲ್ಲ. ನಿಮ್ಮ ಮನೆ ಕಥೆಯೂ ಇದೇ ತಾನೆ?

1993ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ತಮ್ಮ ವಿದ್ಯಾರ್ಥಿಗಳಿಂದ ಕ್ರಿಸ್‌ಮಸ್ ಉಡುಗೊರೆಗಳ ಲೆಕ್ಕ ಕೇಳಿದರು. ಅದರ ಬೆಲೆ ಎಷ್ಟು, ನಿಮ್ಮ ದೃಷ್ಟಿಯಲ್ಲಿ ಅದು ಎಷ್ಟು ಬಾಳುತ್ತೆ ಅಂತ. ಉಡುಗೊರೆಗೆ ಸುರಿದ ಹಣದಲ್ಲಿ ಹತ್ತನೇ ಒಂದರಿಂದ ಮೂರನೇ ಒಂದು ಪಾಲಿನವರೆಗೆ ವ್ಯರ್ಥ ಅನ್ನೋದು ಅವರ ಅಂದಾಜು. ಆದರೆ ಕೊಟ್ಟವರ ಮೇಲಿನ ಪ್ರೀತಿಯನ್ನು ಆ ಲೆಕ್ಕದಿಂದ ಹೊರಗಿಟ್ಟಿದ್ದರು. ನಮ್ಮ ಕೈ ಕಟ್ಟಿಹಾಕೋದು ಅದೇ ಅಲ್ಲವೇ?

ಈ ಗಂಟನ್ನು ನಮ್ಮ ಹೆಂಗಸರು ಎಂದೋ ಬಿಡಿಸಿದ್ದಾರೆ. ಅರಿಶಿನ-ಕುಂಕುಮದ ಜತೆ ಕೊಡುವ ಬ್ಲೌಸ್ ಪೀಸನ್ನೇ ನೋಡಿ. ಗೌರಿ ಹಬ್ಬಕ್ಕೆ ಬಂದದ್ದು ನವರಾತ್ರಿಗೆ ಇನ್ನೊಂದು ಮನೆ ಸೇರುತ್ತೆ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಪ್ರೀತಿಯಿಂದ ಕೊಟ್ಟರು, ಪ್ರೀತಿಯಿಂದ ತಗೊಂಡೆವು, ಅಲ್ಲಿಗೆ ಅದರ ಕೆಲಸ ಮುಗೀತು. ಆಮೇಲೆ ಉಳಿಯೋದು ಬರೀ ಬಟ್ಟೆ.

ನಾವು ಮಾಡಿದ್ದು ಇಷ್ಟು:

ಹೆಸರು ಬರೆದಿಡಿ. ಡಬ್ಬದ ಮೇಲೆ ಕೊಟ್ಟವರ ಹೆಸರಿನ ಚೀಟಿ ಇರಲಿ. ಇಲ್ಲದಿದ್ದರೆ ಅವರದ್ದು ಅವರಿಗೇ ವಾಪಸ್ ಹೋದೀತು!

ಕೇಳಿ ಕೊಡಿ. ಒಂದು ಗಡಿಯಾರ ಪಕ್ಕದ ಬೀದಿಯ ಅಂಗನವಾಡಿಗೆ, ಇನ್ನೊಂದು ಸೆಕ್ಯೂರಿಟಿಯವರ ಕೋಣೆಗೆ ಹೋಯಿತು. ಮನೆಗೆಲಸದ ಅಕ್ಕನಿಗೂ ಮೊದಲು ಬೇಕಾ ಅಂತ ಕೇಳಿದೆವು. ನಮ್ಮ ಅಟ್ಟದ ಭಾರ ಅವರ ಪುಟ್ಟ ಮನೆಗೆ ಹೋಗಬಾರದು. ಒಡೆದದ್ದು, ಕೆಟ್ಟದ್ದನ್ನಂತೂ ಯಾರಿಗೂ ದಾಟಿಸಬೇಡಿ.

ಕೈಯಾರೆ ಮಾಡಿದ್ದು ಉಳಿಯಲಿ. ದೊಡ್ಡಮ್ಮ ಪೋಣಿಸಿ ಕೊಟ್ಟ ಮಣಿ ತೋರಣದ ಬಣ್ಣ ನಮ್ಮ ಬಾಗಿಲಿಗೆ ಹೊಂದಲ್ಲ. ಆದರೆ ಕಣ್ಣು ಮಂಜಾದ ಮೇಲೆ ಅವರು ಮಣಿ ಮುಟ್ಟಿಲ್ಲ, ಇದೇ ಕೊನೆಯದು. ಅದು ಎಲ್ಲಿಗೂ ಹೋಗಲ್ಲ.

ಕೇಳಿದರೆ ನಿಜ ಹೇಳಿ. "ನಾನು ಕೊಟ್ಟ ಗಡಿಯಾರ ಎಲ್ಲಿ?" ಅಂತ ಅತ್ತಿಗೆ ಬಂದಾಗ ಕೇಳೇಬಿಟ್ಟರು. "ಅಂಗನವಾಡಿಗೆ ಕೊಟ್ವಿ ಅತ್ತಿಗೆ, ಅಲ್ಲಿ ಗಡಿಯಾರವೇ ಇರಲಿಲ್ಲ" ಅಂದೆ. ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಸೆಲ್ ಮುಗಿದ್ರೆ ಯಾರು ಹಾಕ್ತಾರೆ? ನೀನೇ ನೋಡ್ಕೋ" ಅಂದರು. ಸುಳ್ಳು ಹೇಳಿದ್ದರೆ ಇವತ್ತಿಗೂ ಅವರು ಬಂದಾಗಲೆಲ್ಲ ನನ್ನ ಎದೆ ಢವಢವ ಅನ್ನುತ್ತಿತ್ತು.

ಇನ್ನು ಕೊಡುವ ಸರದಿ ನಮ್ಮದಾದಾಗ? ಹತ್ತಿರದವರಾದರೆ ಏನು ಬೇಕು ಅಂತ ನೇರವಾಗಿ ಕೇಳಿ. ಕೇಳೋಕೆ ಸಂಕೋಚ ಅಂದರೆ ಹಿರಿಯರ ದಾರಿ ಇದ್ದೇ ಇದೆ: ಕವರಿನಲ್ಲಿ 501 ರೂಪಾಯಿ ಮುಯ್ಯಿ. ಅದನ್ನು ಇಡೋಕೆ ಅಟ್ಟ ಬೇಕಿಲ್ಲ.