ಕಾವನ್ನು ಕಾಯುವ ಥರ್ಮೋಸ್ಟಾಟ್

ದೋಸೆಯ ಕಾವಲಿಯ ಮೇಲೆ ಭಟ್ಟರು ನಾಲ್ಕು ಹನಿ ನೀರನ್ನು ಚಿಮುಕಿಸಿ, ಅದು ಚುಂಯ್ ಎಂದು ಹಾರಿಹೋಗುವ ಸದ್ದಿನಿಂದಲೇ ಕಾವನ್ನು ಅಳೆಯುವುದನ್ನು ನಮ್ಮ ಹೋಟೆಲ್ ಬಾಂಧವರೆಲ್ಲರೂ ಬಲ್ಲರು. ಕಾವು ಮಿಕ್ಕರೆ ಉರಿಯನ್ನು ಇಳಿಸುವರು, ಕುಂದಿದರೆ ಏರಿಸುವರು. ಥರ್ಮೋಸ್ಟಾಟ್ ಎಂಬ ಸಾಧನದ ಕೆಲಸವೂ ಇಷ್ಟೇ. ಭಟ್ಟರಿಗೆ ಕಣ್ಣು ಕಿವಿಗಳುಂಟು, ಅನುಭವವುಂಟು. ಈ ಸಾಧನದ ಮೂಲ ಬಂಡವಾಳವೆಂದರೆ ಬಿಸಿಯಾದಾಗ ಹಿಗ್ಗುವ ಲೋಹದ ಸ್ವಭಾವವೊಂದೇ.

1830ರಲ್ಲಿ ಆಂಡ್ರ್ಯೂ ಯೂರ್ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞನು ಇದಕ್ಕೆ ಪೇಟೆಂಟು ಪಡೆದನು. 1883ರಲ್ಲಿ ಅಮೆರಿಕದ ವಾರೆನ್ ಜಾನ್ಸನ್ ಎಂಬ ಅಧ್ಯಾಪಕನು ವಿದ್ಯುತ್ತಿನಿಂದ ನಡೆಯುವ ಥರ್ಮೋಸ್ಟಾಟಿಗೆ ಪೇಟೆಂಟು ಪಡೆದನು. ಅವನ ಶಾಲೆಯಲ್ಲಿ ಚಳಿಗಾಲದಲ್ಲಿ ಜವಾನನು ಕೋಣೆಕೋಣೆಗೂ ಬಂದು ಸೆಕೆಯೋ ಚಳಿಯೋ ಎಂದು ನೋಡಿ, ನೆಲಮಾಳಿಗೆಗೆ ಇಳಿದು ಒಲೆಯನ್ನು ಸರಿಪಡಿಸಬೇಕಾಗಿತ್ತು. ಜಾನ್ಸನನ ಸಾಧನವು ಆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸಿ ಜವಾನನನ್ನು ಎಚ್ಚರಿಸುತ್ತಿತ್ತು. ಅಂಥ ಶೀತದೇಶಗಳಲ್ಲಿ ಇಡೀ ಮನೆಗೆ ಒಂದೇ ಥರ್ಮೋಸ್ಟಾಟ್ ಗೋಡೆಯ ಮೇಲಿರುತ್ತದೆ. ಮುಂಬಯಿ, ಚೆನ್ನೈಗಳಲ್ಲಿ ಮನೆಯನ್ನು ಕಾಯಿಸುವ ಪ್ರಮೇಯವೆಲ್ಲಿ? ನಮ್ಮಲ್ಲಿ ಅದು ಒಂದೊಂದು ಯಂತ್ರದ ಹೊಟ್ಟೆಯೊಳಗೆ ಅಡಗಿ ಕುಳಿತಿದೆ. ಆದುದರಿಂದಲೇ ಅದರ ಪರಿಚಯ ನಮಗೆ ಕಡಿಮೆ.

ಇಸ್ತ್ರಿಪೆಟ್ಟಿಗೆಯಲ್ಲಿರುವುದು ತೀರ ಸರಳವಾದುದು. ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಪಟ್ಟಿ ಅದು. ಕಾವೇರಿದಾಗ ಒಂದು ಮಗ್ಗುಲು ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗಿ ವಿದ್ಯುತ್ತನ್ನು ಕಡಿಯುತ್ತದೆ. ಆರಿದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಅಕ್ಕಿ ಬೇಯಿಸುವ ವಿದ್ಯುತ್ ಕುಕ್ಕರಿನದು ಇನ್ನೂ ಸ್ವಾರಸ್ಯಕರವಾದ ಉಪಾಯ. ಪಾತ್ರೆಯಲ್ಲಿ ನೀರಿರುವ ತನಕ ಕಾವು 100 ಡಿಗ್ರಿಯನ್ನು ದಾಟಲಾರದು. ನೀರೆಲ್ಲ ಅನ್ನದಲ್ಲಿ ಇಂಗಿದ ಕೂಡಲೇ ತಳದ ಕಾವು ಮೇಲೇರುತ್ತದೆ. ಸುಮಾರು 103 ಡಿಗ್ರಿಯಲ್ಲಿ ಅಲ್ಲಿರುವ ಅಯಸ್ಕಾಂತದ ಸೆಳೆತ ಇಲ್ಲವಾಗಿ, ಸ್ಪ್ರಿಂಗು ಟಕ್ಕೆಂದು ಗುಂಡಿಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅನ್ನ ಬೆಂದುದನ್ನು ಅಗುಳು ಹಿಸುಕಿ ನೋಡುವ ಕೈ ಅಲ್ಲಿಲ್ಲ. ಆದರೂ ಅನ್ನ ಹದವಾಗಿ ಬೇಯುತ್ತದೆ.

ಹಳೆಯ ಮಾದರಿಯ ಫ್ರಿಜ್ಜಿನಲ್ಲಿ ಅನಿಲ ತುಂಬಿದ ಸಣ್ಣ ನಳಿಗೆಯು ಇದೇ ಕೆಲಸವನ್ನು ಮಾಡುತ್ತದೆ. ಅದರ ತಿರುಪಿನ ಮೇಲಿನ ಅಂಕಿಗಳು ಡಿಗ್ರಿಗಳಲ್ಲ. ಅಂಕಿ ಏರಿದಷ್ಟೂ ಚಳಿ ಹೆಚ್ಚು. ಈಗಿನ ಎ.ಸಿ.ಗಳಲ್ಲಿರುವುದು ಎಲೆಕ್ಟ್ರಾನಿಕ್ ಬಗೆ. ಸೆಕೆಯಲ್ಲಿ ಬಂದವರು ಅದನ್ನು 16ಕ್ಕೆ ಇಳಿಸಿದರೆ ಕೋಣೆ ಬೇಗನೆ ತಣಿಯುವುದೆಂದು ಭಾವಿಸುವುದುಂಟು. ಸಾಮಾನ್ಯ ಎ.ಸಿ.ಯಲ್ಲಿ ಹಾಗೇನೂ ಆಗದು. ಅದೇ ವೇಗದಲ್ಲಿ ತಣಿಯುತ್ತದೆ, ಹೆಚ್ಚು ಹೊತ್ತು ಓಡುತ್ತದೆ, ಬಿಲ್ಲು ಬೆಳೆಯುತ್ತದೆ. 2020ರ ಜನವರಿಯಿಂದ ನಮ್ಮ ದೇಶದ ಸ್ಟಾರ್ ಗುರುತಿನ ಎ.ಸಿ.ಗಳನ್ನು ಕಾರ್ಖಾನೆಯಲ್ಲೇ 24 ಡಿಗ್ರಿಗೆ ಹೊಂದಿಸಿ ಕಳುಹಿಸುವ ನಿಯಮ ಬಂದಿರುವುದು ಇದೇ ಕಾರಣಕ್ಕೆ.

ಇವೆಲ್ಲ ಕೆಟ್ಟರೆ ಅಂಗಿ ಸುಟ್ಟೀತು, ಹಾಲು ಒಡೆದೀತು. ಗೀಸರಿನ ಮಾತು ಹಾಗಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಹೋಟೆಲಿನ ಹುಡುಗರು ಉಳಿದುಕೊಳ್ಳುತ್ತಿದ್ದ ಕೋಣೆಯ ಗೀಸರು ಮೇಲಿಂದ ಮೇಲೆ ನಿಂತುಹೋಗತೊಡಗಿತು. ದುರಸ್ತಿಗೆ ಬಂದಾತನು, "ಡೈರೆಕ್ಟ್ ಮಾಡಿಬಿಡುತ್ತೇನೆ ಸೇಠ್, ಇನ್ನು ತಕರಾರೇ ಇಲ್ಲ" ಎಂದನು. ಅಂದರೆ ಥರ್ಮೋಸ್ಟಾಟನ್ನು ಬಿಟ್ಟು ತಂತಿಯನ್ನು ನೇರವಾಗಿ ಜೋಡಿಸುವುದು. ಹೊಸ ಬಿಡಿಭಾಗಕ್ಕೆ ಆಗುತ್ತಿದ್ದುದು ಕೆಲವು ನೂರು ರೂಪಾಯಿ. ಅದನ್ನು ಉಳಿಸಲು ಹೂಂ ಎಂದವರು ನಾವೇ. ಹದಿನೈದು ದಿನ ಕಳೆದಿರಬಹುದು. ಬೆಳಗಿನ ಪಾಳಿಯ ಹುಡುಗನೊಬ್ಬನು ನಾಲ್ಕು ಗಂಟೆಗೆ ಗೀಸರಿನ ಸ್ವಿಚ್ಚು ಹಾಕಿ, ಅರೆನಿದ್ದೆಯಲ್ಲಿ ಮತ್ತೆ ಒರಗಿಕೊಂಡನು. ಎದ್ದು ನಲ್ಲಿ ತಿರುಗಿಸಿದಾಗ ಉಗಿಯೊಡನೆ ನುಗ್ಗಿದ ನೀರು ಅವನ ಬಲಗೈಯನ್ನು ಮೊಣಕೈಯವರೆಗೆ ಸುಟ್ಟಿತು. ಒಂದೂವರೆ ತಿಂಗಳು ಅವನು ತಟ್ಟೆ ಹಿಡಿಯಲಿಲ್ಲ. ಊರಿನಲ್ಲಿದ್ದ ಅವನ ತಾಯಿಗೆ ಫೋನಿನಲ್ಲಿ ಸಂಗತಿಯನ್ನು ಹೇಳಬೇಕಾದಾಗ ನಮ್ಮ ನಾಲಗೆ ಏಳಲಿಲ್ಲ.

ಲೆಕ್ಕ ನೋಡಿದರೆ ಆಶ್ಚರ್ಯವೇನಿಲ್ಲ. 2 ಕಿಲೋವಾಟಿನ ಗೀಸರು 25 ಡಿಗ್ರಿಯ 15 ಲೀಟರು ನೀರನ್ನು 60 ಡಿಗ್ರಿಗೆ ತರಲು ಸುಮಾರು 18 ನಿಮಿಷ ಬೇಕು. ತಡೆಯುವವರಿಲ್ಲದೆ ಬಿಟ್ಟರೆ ಸುಮಾರು 40 ನಿಮಿಷದಲ್ಲಿ ಅದೇ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. 60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲುದು. ಮುಚ್ಚಿದ ಟ್ಯಾಂಕಿನೊಳಗೆ ಒತ್ತಡವಿರುವಾಗ ನೀರು 100 ಡಿಗ್ರಿಯನ್ನೂ ಮೀರಿ ಕಾಯಬಲ್ಲುದು. ಟ್ಯಾಂಕು ಬಿರಿದರೆ ಆ ನೀರಿನ ಒಂದಂಶ ಕ್ಷಣಮಾತ್ರದಲ್ಲಿ ಉಗಿಯಾಗುತ್ತದೆ; ಉಗಿಯಾದ ನೀರು ತನ್ನ ಗಾತ್ರದ 1,600 ಪಟ್ಟಿಗೂ ಹೆಚ್ಚಿನ ಜಾಗವನ್ನು ಬೇಡುತ್ತದೆ. ನಮ್ಮ ಗೀಸರಿನ ಒತ್ತಡ ಬಿಡುವ ವಾಲ್ವು ಕೆಟ್ಟಿರಲಿಲ್ಲ ಎಂಬುದೊಂದೇ ಆ ದಿನದ ಪುಣ್ಯ.

ಗೀಸರಿನಲ್ಲಿ ದಿನವಹಿ ಕಾವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಬೇರೆ, ಅದು ಕೈಕೊಟ್ಟಾಗ ವಿದ್ಯುತ್ತನ್ನು ಕಡಿಯುವ ಕಟ್-ಔಟ್ ಬೇರೆ. ಅನೇಕ ಗೀಸರುಗಳಲ್ಲಿ ಕಟ್-ಔಟಿಗೆ ಒಂದು ಸಣ್ಣ ಗುಂಡಿಯಿರುತ್ತದೆ. ದುರಸ್ತಿಗಾರನು ಅದನ್ನು ಒತ್ತಿದರೆ ಗೀಸರು ಮತ್ತೆ ನಡೆಯುತ್ತದೆ. ಅದು ಪದೇಪದೇ ಕಡಿಯುತ್ತಿದ್ದರೆ ತಪ್ಪು ಕಟ್-ಔಟಿನದೇ ಆಗಿರಬೇಕಾಗಿಲ್ಲ. ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು, ಇಲ್ಲವೇ ಗಡಸು ನೀರಿನ ಸುಣ್ಣ ಕಾಯಿಸುವ ಸಲಾಕೆಯ ಮೇಲೆ ಗಟ್ಟಿಯಾಗಿ ಕೂತಿರಬಹುದು. ಇವನ್ನು ನೋಡಿಸುವ ಬದಲು "ಡೈರೆಕ್ಟ್" ಮಾಡಿಸಿದರೆ, ಕೂಗುತ್ತಿರುವ ಪಹರೆಯವನ ಬಾಯಿಗೆ ಬಟ್ಟೆ ತುರುಕಿದಂತೆಯೇ ಸರಿ. ಬಾಡಿಗೆ ಕೋಣೆಯಲ್ಲಿರುವ ಗುಮಾಸ್ತರೂ ಹೋಟೆಲಿನ ಹುಡುಗರೂ ಈ ವಿಷಯದಲ್ಲಿ ಮಾಲೀಕರ ಮುಖ ನೋಡಿ ಸುಮ್ಮನಿರಬಾರದು. ಮಾಲೀಕನಾಗಿದ್ದವನೇ ಇದನ್ನು ಬರೆಯುತ್ತಿದ್ದೇನೆ.

ದುರಸ್ತಿಗಾರನಿಗೆ ಹಣ ಎಣಿಸುವ ಮೊದಲು ಗೀಸರನ್ನು ಹಾಕಿಸಿ, ಕಾಯುವುದನ್ನು ತೋರಿಸುವ ದೀಪವು ತಾನಾಗಿಯೇ ಆರುವುದೋ ಎಂದು ನೋಡಿರಿ. 15 ಲೀಟರಿನದಾದರೆ ಇಪ್ಪತ್ತೋ ಇಪ್ಪತ್ತೈದೋ ನಿಮಿಷ. ಅಷ್ಟರಲ್ಲಿ ಅವನಿಗೊಂದು ಚಹಾ ಕೊಡಬಹುದು.