ಹಳೆ ಕಾರಿನ ಏಸಿ: ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಸಾಲದು

"ತೋಟದವನಿಗೆ ಕಾರಿನಲ್ಲಿ ಏಸಿ ಎಂತಕ್ಕೆ ಮಾರಾಯ, ಗ್ಲಾಸ್ ಇಳಿಸಿದ್ರೆ ಆಯ್ತಲ್ಲ" ಎನ್ನುವವರು ನಮ್ಮ ನಡುವೆ ಧಾರಾಳ ಇದ್ದಾರೆ. ಬೇಸಿಗೆಯ ಮಟ್ಟಿಗೆ ಅವರ ಮಾತು ಒಪ್ಪೋಣ. ಆದರೆ ನಮ್ಮ ಕಡೆ ಏಸಿಯ ನಿಜವಾದ ಕೆಲಸ ಮಳೆಗಾಲದಲ್ಲಿ. ಜುಲೈ ತಿಂಗಳ ಮಳೆಗೆ ಗ್ಲಾಸ್ ಏರಿಸಿ ನಾಲ್ಕು ಜನ ಕೂತರೆ ಐದೇ ನಿಮಿಷದಲ್ಲಿ ಮುಂದಿನ ಗಾಜು ಮಸುಕು. ಎದುರಿನ ಲಾರಿ ಕಾಣುವುದಿಲ್ಲ. ಏಸಿ ಹಾಕಿದರೆ ಒಳಗಿನ ಗಾಳಿಯ ತೇವ ಕೂಲಿಂಗ್ ಕಾಯಿಲ್‌ನಲ್ಲಿ ನೀರಾಗಿ ಕೆಳಗೆ ತೊಟ್ಟಿಕ್ಕಿ ಹೋಗ್ತದೆ, ಗಾಜು ತಿಳಿಯಾಗ್ತದೆ.

ನಮ್ಮ ಮನೆಯಲ್ಲಿ ಇನ್ನೊಂದು ಕಾರಣವೂ ಉಂಟು. ಅಪ್ಪನಿಗೆ 81 ವರ್ಷ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಮನೆಯಿಂದ ಪುತ್ತೂರಿಗೆ 34 ಕಿಲೋಮೀಟರ್. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಕುಡಿಯುವ ನೀರಿಗೂ ಲೆಕ್ಕ. ಮಾರ್ಚ್ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ಬೆಂದು ಬಾಯಾರಿದರೆ ಬೇಕಾದಷ್ಟು ಕುಡಿಯುವ ಹಾಗಿಲ್ಲ. ಹಾಗಾಗಿ 2024ರ ಮಾರ್ಚ್‌ನಲ್ಲಿ ನಮ್ಮ 2010ರ ಮಾದರಿಯ ಸೆಕೆಂಡ್ ಹ್ಯಾಂಡ್ ಕಾರಿನ ಏಸಿ ಕೈಕೊಟ್ಟಾಗ "ಮುಂದಿನ ವರ್ಷ ನೋಡುವ" ಎಂದು ಬಿಡುವಂತಿರಲಿಲ್ಲ. ಆ ರಿಪೇರಿಯಲ್ಲಿ ಪಕ್ಕದಲ್ಲೇ ನಿಂತು ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಹಳೆ ಗಾಡಿ ಇಟ್ಟುಕೊಂಡ ಇತರರಿಗೂ ಉಪಯೋಗವಾದೀತು.

ಗ್ಯಾಸ್ ಖರ್ಚಾಗುವ ವಸ್ತುವಲ್ಲ

ಏಸಿಯ ಕೆಲಸ ನಮ್ಮ ಪಂಪ್‌ಸೆಟ್, ಪೈಪ್‌ಲೈನ್ ಇದ್ದ ಹಾಗೆಯೇ. ವ್ಯತ್ಯಾಸ ಇಷ್ಟೆ: ಇಲ್ಲಿ ಅದೇ ಗ್ಯಾಸ್ ಸುತ್ತುತ್ತಾ ಇರ್ತದೆ. ಎಂಜಿನ್ನಿನ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡಿ ಮುಂದೆ ದೂಡುತ್ತದೆ. ರೇಡಿಯೇಟರಿನ ಎದುರಿಗಿರುವ ಕಂಡೆನ್ಸರ್‌ನಲ್ಲಿ ಅದು ತಣಿದು ದ್ರವವಾಗ್ತದೆ. ಡ್ರೈಯರ್ ಎಂಬ ಸಣ್ಣ ಡಬ್ಬಿಯಲ್ಲಿ ಅದರ ತೇವ, ಕಸ ಹಿಡಿಯುತ್ತಾರೆ. ಅಲ್ಲಿಂದ ಎಕ್ಸ್‌ಪಾನ್ಶನ್ ವಾಲ್ವ್‌ನ ಸೂಜಿಯಂತಹ ತೂತಿನಲ್ಲಿ ನುಗ್ಗಿ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಪುನಃ ಗ್ಯಾಸಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ತದೆ. ಮತ್ತೆ ಕಂಪ್ರೆಸರಿಗೆ.

ಈಗ ಮುಖ್ಯ ವಿಷಯ. ಕಂಪ್ರೆಸರಿಗೆ ಬೇಕಾದ ಎಣ್ಣೆ ಎಂಜಿನ್ನಿನಿಂದ ಬರುವುದಿಲ್ಲ. ಗ್ಯಾಸಿನ ಜತೆ ಬೆರೆತು ಅದೂ ಸುತ್ತುತ್ತಿರುತ್ತದೆ. ಎಲ್ಲಿಯಾದರೂ ಗ್ಯಾಸ್ ಸೋರಿದರೆ ಎಣ್ಣೆಯೂ ಸ್ವಲ್ಪ ಸ್ವಲ್ಪ ಹೊರಗೆ ಹೋಗ್ತದೆ. ಗ್ಯಾಸ್ ಕಡಿಮೆಯಾದಾಗ ಉಳಿದ ಎಣ್ಣೆಯೂ ಸರಿಯಾಗಿ ತಿರುಗಿ ಬರುವುದಿಲ್ಲ. ಕಂಪ್ರೆಸರ್ ಒಣಗಿ ಉಜ್ಜಿಕೊಳ್ಳಲು ಶುರು.

ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಹಿಂದಿನ ಯಜಮಾನರು ಬಿಟ್ಟುಹೋದ ಬಿಲ್ಲುಗಳಿದ್ದವು. ಸತತ ಮೂರು ಬೇಸಿಗೆಯಲ್ಲಿ ಗ್ಯಾಸ್ ತುಂಬಿಸಿದ್ದರು. ಒಂದರಲ್ಲೂ ಸೋರಿಕೆ ಹುಡುಕಿದ, ಎಣ್ಣೆ ಹಾಕಿದ ಲೆಕ್ಕ ಇಲ್ಲ. ಪ್ರತಿ ವರ್ಷ ಗ್ಯಾಸ್ ತುಂಬಿಸುವುದು ಎಂದರೆ ತೂತಾದ ಕೊಡಪಾನಕ್ಕೆ ನೀರು ಹೊಯ್ದ ಹಾಗೆ. ಇಲ್ಲಿ ತೂತಿನಲ್ಲಿ ಹೋಗುವುದು ಕಂಪ್ರೆಸರಿನ ಆಯುಷ್ಯ.

ಶಬ್ದ ಕೇಳಿ, ತಂತಿ ನೋಡಿ

ಏಸಿ ತಣ್ಣಗಾಗದಿದ್ದರೆ "ಕಂಪ್ರೆಸರ್ ಹೋಗಿದೆ" ಎನ್ನುವವರ ಮಾತನ್ನು ಕೂಡಲೇ ನಂಬಬೇಡಿ. ಪಕ್ಕದ ಮನೆಯವರ ಜೀಪಿಗೂ ಒಬ್ಬರು ಹಾಗೇ ಹೇಳಿದ್ದರು. ಬಾನೆಟ್ ಎತ್ತಿ ನೋಡಿದರೆ ಕ್ಲಚ್‌ಗೆ ಹೋಗುವ ತಂತಿಯನ್ನು ಇಲಿ ಕಡಿದಿತ್ತು. ಕೊಟ್ಟಿಗೆಯ ಬದಿ ಗಾಡಿ ನಿಲ್ಲಿಸುವ ನಮಗೆಲ್ಲ ಇದು ಹೊಸತಲ್ಲ. ತಂತಿ ಸೇರಿಸಿ ಟೇಪ್ ಸುತ್ತಿದ್ದಕ್ಕೆ ಏಸಿ ಸರಿಯಾಯಿತು.

ಎಂಜಿನ್ ಚಾಲೂ ಮಾಡಿ, ಒಬ್ಬರು ಒಳಗೆ ಏಸಿ ಸ್ವಿಚ್ ಒತ್ತಲಿ. ಕಂಪ್ರೆಸರಿನ ಮುಂದಿನ ಕ್ಲಚ್ ತಟ್ಟೆ 'ಟಕ್' ಎಂದು ಅಂಟಿ ತಿರುಗಬೇಕು. ಅಂಟದಿದ್ದರೆ ಫ್ಯೂಸ್, ರಿಲೇ, ತಂತಿ, ಕ್ಲಚ್ ಕಾಯಿಲ್ ಇವನ್ನು ಮೊದಲು ನೋಡಬೇಕು. ಗ್ಯಾಸ್ ತೀರಾ ಕಡಿಮೆಯಾದರೂ ಪ್ರೆಶರ್ ಸ್ವಿಚ್ ಅದನ್ನು ಅಂಟಲು ಬಿಡುವುದಿಲ್ಲ. ಏಸಿ ಆಫ್ ಇದ್ದಾಗಲೂ ಗರಗರ ಶಬ್ದ ಬಂದರೆ ಸಂಶಯ ಪುಲ್ಲಿಯ ಬೇರಿಂಗ್ ಮೇಲೆ, ಅದನ್ನು ಮಾತ್ರ ಬದಲಿಸಲು ಸಾಧ್ಯ. ಏಸಿ ಹಾಕಿದಾಗ ಮಾತ್ರ ಒಳಗಿನಿಂದ ಕಟಕಟ ಬಂದರೆ, ಬೆಲ್ಟ್ ಸುಟ್ಟ ವಾಸನೆ ಬಂದರೆ ಕಂಪ್ರೆಸರಿನದೇ ತೊಂದರೆ. ಎರಡು ಗೇಜ್ ಹಾಕಿ ನೋಡುವಾಗಲೂ ಗೊತ್ತಾಗ್ತದೆ. ಒಂದು ಕಡೆ ಒತ್ತಡ ಏರಿ, ಇನ್ನೊಂದು ಕಡೆ ಇಳಿಯಬೇಕು. ಎರಡೂ ಮುಳ್ಳು ಹತ್ತಿರ ಹತ್ತಿರ ನಿಂತರೆ ಪಂಪಿಗೆ ಒತ್ತುವ ಶಕ್ತಿ ಇಲ್ಲ ಎಂದು ಅರ್ಥ.

ಬೆಲ್ಟ್ ವಾಸನೆ ಬರುವಾಗ "ಏಸಿ ಇಲ್ಲದೆ ಓಡಿಸ್ತೇನೆ" ಎಂದು ನಿರ್ಲಕ್ಷ್ಯ ಮಾಡುವುದು ಅಪಾಯ. ಎಷ್ಟೋ ಗಾಡಿಗಳಲ್ಲಿ ಒಂದೇ ಬೆಲ್ಟ್ ಆಲ್ಟರ್ನೇಟರ್, ವಾಟರ್ ಪಂಪುಗಳನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಂಜಿನ್ ಕಾದು ಹೋಗ್ತದೆ. ರೋಗಿಯನ್ನು ಕೂರಿಸಿಕೊಂಡು ದಾರಿ ಮಧ್ಯೆ ನಿಲ್ಲುವ ಪ್ರಸಂಗ ಯಾರಿಗೂ ಬೇಡ.

ಡ್ರಿಪ್ ಲೈನಿಗೆ ಮರಳು ಹೊಕ್ಕಂತೆ

ನಮಗೆ ಎರಡು ಕಡೆಯಿಂದ ಲೆಕ್ಕ ಸಿಕ್ಕಿತು. ಒಂದು ಅಂಗಡಿಯವರು ಗುಜರಿಯಿಂದ ತಂದ ಕಂಪ್ರೆಸರ್ ಹಾಕಿ, ಗ್ಯಾಸ್ ತುಂಬಿಸಿ ಹತ್ತು ಸಾವಿರದೊಳಗೆ ಮುಗಿಸುತ್ತೇವೆ ಎಂದರು, ಅರ್ಧ ದಿನದ ಕೆಲಸ. ಪುತ್ತೂರಿನ ಇನ್ನೊಬ್ಬ ಮೆಕ್ಯಾನಿಕ್, ಐಟಿಐ ಓದಿದ ಹುಡುಗ, ಲೆಕ್ಕ ಹೇಳಲಿಕ್ಕೇ ಒಪ್ಪಲಿಲ್ಲ. "ಅಣ್ಣ, ಮೊದಲು ಒಳಗೆ ಎಂತ ಉಂಟು ನೋಡುವ, ಆಮೇಲೆ ಹೇಳ್ತೇನೆ" ಎಂದ. ನನಗೆ ಆ ಮಾತು ಹಿಡಿಸಿತು.

ಗ್ಯಾಸನ್ನು ಅವನು ಗಾಳಿಗೆ ಬಿಡಲಿಲ್ಲ, ಯಂತ್ರದಲ್ಲಿ ಎಳೆದು ಸಿಲಿಂಡರಿಗೆ ತುಂಬಿಸಿಕೊಂಡ. ಈ ಗ್ಯಾಸಿನ ಹೆಸರು ಆರ್-134ಎ. ಭೂಮಿಯ ಬಿಸಿ ಏರಿಸುವುದರಲ್ಲಿ ಇದರ ಒಂದು ಕಿಲೋ ಸಾವಿರಕ್ಕೂ ಹೆಚ್ಚು ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. 2016ರ ಕಿಗಾಲಿ ಒಪ್ಪಂದ ಇಂತಹ ಗ್ಯಾಸ್‌ಗಳನ್ನು ಕಡಿಮೆ ಮಾಡಲಿಕ್ಕೇ ಆದದ್ದು, ಭಾರತ 2021ರಲ್ಲಿ ಅದಕ್ಕೆ ಅಂಗೀಕಾರ ಕೊಟ್ಟಿದೆ. ಬೇಸಿಗೆ ವರ್ಷದಿಂದ ವರ್ಷಕ್ಕೆ ಉದ್ದ ಆಗುವುದನ್ನು ಕಾಣುವ ನಾವು ಇದನ್ನು ಕೇಳಿ ಮಾಡಿಸಬೇಕು.

ಕಂಪ್ರೆಸರ್ ಬಿಚ್ಚಿ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿದ. ಒಳ್ಳೆಯ ಎಣ್ಣೆ ತಿಳಿಯಾಗಿರುತ್ತದೆ. ಇದು ಕಪ್ಪು. ಬಿಸಿಲಿಗೆ ಹಿಡಿದರೆ ಒಳಗೆ ಅಲ್ಯೂಮಿನಿಯಂ ಪುಡಿ ಮಿಣಮಿಣ. ಅದೂ ಮೂವತ್ತು ಮಿಲಿಯಷ್ಟೆ.

ನಿಮ್ಮ ಡ್ರಿಪ್‌ನ ಫಿಲ್ಟರ್ ಹರಿದು ಮರಳು ಲೈನಿಗೆ ಹೊಕ್ಕಿತು ಎಂದಿಟ್ಟುಕೊಳ್ಳಿ. ಪಂಪ್ ಹೊಸತು ಹಾಕಿದರೆ ಡ್ರಿಪ್ಪರ್ ಬಿಡಿಸ್ತದಾ? ಇಲ್ಲಿಯೂ ಹಾಗೆ. ಸವೆದ ಕಂಪ್ರೆಸರಿನ ಲೋಹದ ಪುಡಿ ಕಂಡೆನ್ಸರ್, ಡ್ರೈಯರ್, ವಾಲ್ವ್ ಎಲ್ಲ ಕಡೆ ಕೂತಿರುತ್ತದೆ. ಡ್ರಿಪ್‌ಗಿಂತಲೂ ಕಷ್ಟ ಎಂದರೆ ಇಲ್ಲಿ ಕಸ ತಿರುಗಿ ಪಂಪಿಗೇ ಬರುತ್ತದೆ. ವಿಟ್ಲದ ನಮ್ಮ ಭಾವ ಹಿಂದಿನ ವರ್ಷ ಕಂಪ್ರೆಸರ್ ಒಂದನ್ನೇ ಬದಲಿಸಿದ್ದರು. ಮೂರು ತಿಂಗಳಲ್ಲಿ ಅದೂ ಹಿಡಿದುಕೊಂಡಿತು.

ಪೈಪುಗಳನ್ನು, ಕೂಲಿಂಗ್ ಕಾಯಿಲ್ ಅನ್ನು ದ್ರಾವಣ ಹಾಕಿ ತೊಳೆದು ನೈಟ್ರೋಜನ್ ಊದಬಹುದು. ಹಳೆ ಗಾಡಿಗಳ ದಪ್ಪ ಕೊಳವೆಯ ಕಂಡೆನ್ಸರನ್ನೂ ತೊಳೆಯಬಹುದಂತೆ. ಆದರೆ ಈಗಿನ ಕಂಡೆನ್ಸರುಗಳಲ್ಲಿ ಕೂದಲೆಳೆಯಂತಹ ದಾರಿಗಳು, ಪುಡಿ ಹೊಕ್ಕಿದರೆ ಹೊರಗೆ ಬರುವುದಿಲ್ಲ. ಬದಲಿಸಬೇಕು. ನಮ್ಮದರಲ್ಲಿ ಹೇಗೂ ಬದಲಿಸಲೇ ಬೇಕಿತ್ತು. ಕೆಳಗಿನ ಮೂಲೆಯಲ್ಲಿ ಕೆಸರು, ಅಡಿಕೆ ಸೋಗೆಯ ಚೂರು ಅಂಟಿ ಸದಾ ಒದ್ದೆ ಇದ್ದು ಅಲ್ಯೂಮಿನಿಯಂ ತಿಂದುಹೋಗಿತ್ತು. ಅಲ್ಲಿ ಧೂಳು ಎಣ್ಣೆ ಹೀರಿ ಕಪ್ಪಾಗಿತ್ತು. ಮೂರು ಬೇಸಿಗೆಯ ಗ್ಯಾಸ್ ಹೋದ ದಾರಿ ಅದೇ. ಇಂತಹ ಎಣ್ಣೆ ಕಲೆಯನ್ನು ನಾವೇ ಟಾರ್ಚ್ ಹಾಕಿ ಹುಡುಕಬಹುದು.

ಡ್ರೈಯರ್ ಅಂತೂ ಪ್ರತಿ ಸಲ ಹೊಸತೇ ಆಗಬೇಕು. ಕೆಲವು ಗಾಡಿಗಳಲ್ಲಿ ಅದು ಕಂಡೆನ್ಸರಿನ ಜತೆಗೇ ಬರುತ್ತದೆ, ನಮ್ಮದು ಹಾಗೆ.

ಬಿಲ್ಲು ಹೀಗಾಯಿತು: ಕ್ಲಚ್ ಸಹಿತ ಹೊಸ ಕಂಪ್ರೆಸರ್ 13,500, ಡ್ರೈಯರ್ ಸಹಿತ ಕಂಡೆನ್ಸರ್ 5,100, ಎಕ್ಸ್‌ಪಾನ್ಶನ್ ವಾಲ್ವ್ 1,100, ಎಣ್ಣೆ ಮತ್ತು ರಬ್ಬರ್ ರಿಂಗುಗಳು 800, ಗ್ಯಾಸ್ 1,200, ತೊಳೆದದ್ದೂ ಸೇರಿ ಮಜೂರಿ 3,000. ಒಟ್ಟು 24,700 ರೂಪಾಯಿ. ಸುಮಾರು ಅರ್ಧ ಕ್ವಿಂಟಾಲ್ ಅಡಿಕೆಯ ದುಡ್ಡು. ಕಡಿಮೆ ಏನಲ್ಲ. ಭಾವ ಎರಡು ಸಲ ಕೊಟ್ಟದ್ದನ್ನು ಕೂಡಿಸಿದರೆ ಇದಕ್ಕೆ ಹತ್ತಿರ ಬರ್ತದೆ, ಗಾಡಿ ಮಾತ್ರ ತಣ್ಣಗಾಗಲಿಲ್ಲ.

ಜೋಡಿಸುವಾಗ ನೋಡಬೇಕಾದ್ದು

ಹೊಸ ಕಂಪ್ರೆಸರ್ ಹಳೆಯದರ ಪಕ್ಕದಲ್ಲಿಟ್ಟು ಬೋಲ್ಟಿನ ಜಾಗ, ಪೈಪಿನ ಬಾಯಿ, ಪುಲ್ಲಿಯ ಗೆರೆಗಳ ಸಂಖ್ಯೆ ತಾಳೆ ನೋಡಿ. ಲಾರಿಗಳದ್ದು 24 ವೋಲ್ಟ್ ಇರ್ತದೆ, ಕಾರಿನದ್ದು 12.

ಎಣ್ಣೆಯ ಜಾತಿ ಕಂಪ್ರೆಸರಿನ ಮೇಲೆ ಬರೆದಿರುತ್ತದೆ. ನಮ್ಮದಕ್ಕೆ ಪಿಎಜಿ ಎಂಬ ಎಣ್ಣೆ. ಇದು ಉಪ್ಪಿನ ಹಾಗೆ ಗಾಳಿಯ ತೇವ ಎಳೆಯುತ್ತದೆ. ಆದ್ದರಿಂದ ತೆರೆದಿಟ್ಟ ಡಬ್ಬಿಯದ್ದು ಬೇಡ. ಹೊಸ ಕಂಡೆನ್ಸರಿನ ಮುಚ್ಚಳಗಳನ್ನೂ ಕೊನೆಯ ಗಳಿಗೆಯಲ್ಲಿ ತೆಗೆಯಬೇಕು. ಸಾಧ್ಯವಾದರೆ ಈ ಕೆಲಸ ಮಳೆಗಾಲ ಹಿಡಿಯುವ ಮೊದಲೇ ಮಾಡಿಸಿ. ಕಂಪ್ರೆಸರಿನ ಜತೆ ಬಂದ ಎಣ್ಣೆಯೇ ಸಾಕೋ, ಇನ್ನೂ ಹಾಕಬೇಕೋ ಎಂಬುದನ್ನು ಅಳೆದೇ ತೀರ್ಮಾನಿಸಬೇಕು. ಹೆಚ್ಚಾದರೂ ತಂಪು ಕಡಿಮೆ. ಬೆಲ್ಟ್ ಏರಿಸುವ ಮೊದಲು ಹುಡುಗ ಕ್ಲಚ್ ತಟ್ಟೆಯನ್ನು ಕೈಯಲ್ಲೇ ಹತ್ತಾರು ಸುತ್ತು ತಿರುಗಿಸಿದ. ಒಳಗೆ ನಿಂತ ಎಣ್ಣೆಗೆ ಜಾಗ ಬಿಡದೆ ಒಮ್ಮೆಲೇ ಓಡಿಸಿದರೆ ಕವಾಟಗಳಿಗೆ ಪೆಟ್ಟು.

ಆಮೇಲೆ ವ್ಯಾಕ್ಯೂಮ್ ಪಂಪ್. ಮುಕ್ಕಾಲು ಗಂಟೆ ಎಳೆದು, ನಿಲ್ಲಿಸಿ, ಮುಳ್ಳು ಏರುತ್ತದಾ ಎಂದು ಅರ್ಧ ಗಂಟೆ ಕಾದೆವು. ಏರಿದರೆ ಎಲ್ಲೋ ಸೋರಿಕೆ ಉಂಟು. ಇದನ್ನು ಹತ್ತು ನಿಮಿಷದಲ್ಲಿ ಮುಗಿಸುವವರು ಸಿಗ್ತಾರೆ, ಒಪ್ಪಬೇಡಿ. ಗ್ಯಾಸನ್ನು ಅಂದಾಜಿಗೆ ತುಂಬುವುದಲ್ಲ, ತಕ್ಕಡಿಯಲ್ಲಿ ತೂಗಿ ತುಂಬುವುದು. ಎಷ್ಟು ಎಂಬುದು ಬಾನೆಟ್ ಕೆಳಗಿನ ಚೀಟಿಯಲ್ಲಿರುತ್ತದೆ. ನಮ್ಮದು 450 ಗ್ರಾಂ. ಅಡಿಕೆ ತೂಗುವಾಗ ಮುಳ್ಳು ನೋಡುವ ನಾವು ಇಲ್ಲಿಯೂ ನೋಡೋಣ. ಅಡುಗೆ ಗ್ಯಾಸಿನ ಜಾತಿಯದ್ದನ್ನು ಅಗ್ಗಕ್ಕೆ ತುಂಬಿಸಿಕೊಳ್ಳುವುದು ಬೇಡವೇ ಬೇಡ, ಬೆಂಕಿ ಹಿಡಿಯುವ ವಸ್ತು.

ಪೈಪಿನ ನಟ್ಟನ್ನು ನಾವೇ ಸಡಿಲಿಸುವ ಸಾಹಸವೂ ಬೇಡ. ಈ ದ್ರವ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು.

1990ರ ದಶಕದ ಹಳೆ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಅವುಗಳಲ್ಲಿ ಆರ್-12 ಎಂಬ ಗ್ಯಾಸ್ ಇರುತ್ತಿತ್ತು. ಓಝೋನ್ ಪದರಕ್ಕೆ ಹಾನಿ ಎಂದು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮಂತಹ ದೇಶಗಳಲ್ಲಿಯೂ 2010ಕ್ಕೆ ಅದು ನಿಂತಿತು. ಅದರ ಹಳೆ ಎಣ್ಣೆ ಆರ್-134ಎ ಜತೆ ಬೆರೆಯುವುದಿಲ್ಲ. ಎಣ್ಣೆ, ರಿಂಗು, ಡ್ರೈಯರ್ ಎಲ್ಲ ಬದಲಿಸದೆ ಗ್ಯಾಸ್ ಮಾತ್ರ ಹೊಸತು ತುಂಬಿಸಿದರೆ ಕಂಪ್ರೆಸರ್ ಒಣಗಿಯೇ ಓಡಬೇಕು.

ಈಗ ನಾನು ತಿಂಗಳಿಗೊಮ್ಮೆ ಕಂಡೆನ್ಸರಿಗೆ ತೋಟದ ಹೋಸ್ ಹಿಡಿದು ಮೆಲ್ಲಗೆ ನೀರು ಬಿಡ್ತೇನೆ. ಸ್ಪ್ರೇ ಪಂಪಿನ ಜೋರು ನೀರು ಹಿಡಿದರೆ ತೆಳು ರೆಕ್ಕೆಗಳು ಬಗ್ಗಿ ಗಾಳಿಯ ದಾರಿ ಮುಚ್ಚುತ್ತದೆ. ಅದರ ಫ್ಯಾನ್ ತಿರುಗುತ್ತದಾ ಎಂದೂ ನೋಡುತ್ತೇನೆ. ಫ್ಯಾನ್ ನಿಂತರೆ ಒತ್ತಡ ಏರಿ ಕಂಪ್ರೆಸರಿಗೇ ಭಾರ. ಚಳಿಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಏಸಿ ಓಡಿಸಿದರೆ ಎಣ್ಣೆ ಸುತ್ತಿ ಸೀಲ್ ಒಣಗುವುದಿಲ್ಲ.

ಇಷ್ಟೊಂದು ದುಡ್ಡು ಹಾಕುವಷ್ಟು ಗಾಡಿಗೆ ಬೆಲೆಯಿಲ್ಲ ಎನ್ನುವವರಿಗೆ ಇನ್ನೊಂದು ದಾರಿ ಉಂಟು. ಕೆಲವು ಮಾದರಿಗಳಲ್ಲಿ ಕಂಪ್ರೆಸರನ್ನು ಬಿಟ್ಟು ಸುತ್ತುವ ಗಿಡ್ಡ ಬೆಲ್ಟ್ ಕೂರುತ್ತದೆ. ಏಸಿ ಇರುವುದಿಲ್ಲ, ಆದರೆ ದಾರಿಯಲ್ಲಿ ಬೆಲ್ಟ್ ತುಂಡಾಗುವ ಭಯವೂ ಇಲ್ಲ. ಭಾವ ಈಗ ಹಾಗೇ ಓಡಿಸುತ್ತಿದ್ದಾರೆ. ಮಳೆಗಾಲಕ್ಕೆಂದು ಸೀಟಿನ ಪಕ್ಕ ಗಾಜು ಒರೆಸುವ ಬಟ್ಟೆ ಇಟ್ಟುಕೊಂಡಿದ್ದಾರೆ.